ಎರಿ, ಮಸಾರಿ, ಮರಡಿ: ಕಪ್ಪತಗುಡ್ಡದ ಸುತ್ತ ಒಂದು ಸುತ್ತು

ಗದಗದಿಂದ ಲಕ್ಷ್ಮೇಶ್ವರದ ಕಡೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಈ ಸೀಮೆಯ ನೆಲವನ್ನು ಕೂತಲ್ಲೇ ಓದಬಹುದು. ಊರು ದಾಟಿದ ಕೂಡಲೇ ಎರಿ ಹೊಲ. ಎಳ್ಳಮಾಸಿ ಹತ್ತಿರ ಬಂದಿದ್ದ ದಿನಗಳು. ಬಿಳಿಜೋಳ ತೆನೆ ಹಾಯುತ್ತಿತ್ತು, ಕಡಲೆ ಹೂವಿಗೆ ಬಂದಿತ್ತು, ದನ ನುಗ್ಗದಿರಲೆಂದು ಹೊಲದ ಅಂಚಿಗೆ ಸುತ್ತ ಬಿತ್ತಿದ ಕುಸುಬಿ ಮುಳ್ಳು ಬಿಡುತ್ತಿತ್ತು. ಇನ್ನೊಂದಿಷ್ಟು ದೂರ ಹೋದರೆ ಕಪ್ಪು ಮಣ್ಣು ಕಂದಾಗಿ, ಆಮೇಲೆ ಕೆಂಪಾಗಿ ಮಸಾರಿ ಸುರುವಾಗುತ್ತದೆ. ಅಲ್ಲಿ ಶೇಂಗಾ ಕಿತ್ತು ಖಾಲಿ ಬಿದ್ದ ಹೊಲ, ಗೋವಿನಜೋಳದ ಒಣಗಿದ ದಂಟು, ನಡುವೆ ಕೊಳವೆಬಾವಿ ಇದ್ದವರ ಮೆಣಸಿನಕಾಯಿ ತೋಟ. ಅಲ್ಲಲ್ಲಿ ಗರಸು ತುಂಬಿದ ಮರಡಿ, ಅದರ ಮೇಲೆ ಕುರಿ. ಎಡಗಡೆ ದೂರದಲ್ಲಿ ಇದಕ್ಕೆಲ್ಲ ಹಿನ್ನೆಲೆಯಾಗಿ ಕಪ್ಪತಗುಡ್ಡದ ಸಾಲು. ತುದಿಯುದ್ದಕ್ಕೂ ಗಾಳಿಯಂತ್ರಗಳು ತಿರುಗುತ್ತಿರುತ್ತವೆ.

ಎರಿ, ಮಸಾರಿ, ಮರಡಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕೂ ಕಡೆಯ ರೈತ ನೆಲವನ್ನು ಮೊದಲು ಹೀಗೇ ವಿಂಗಡಿಸುತ್ತಾನೆ. ಎರಿ ಮಳೆಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಿಂಗಾರಿಯಲ್ಲಿ ಬಿತ್ತಿದ ಜೋಳ, ಕಡಲೆ ಮುಂದೆ ಮಳೆ ಬಾರದಿದ್ದರೂ ಇಬ್ಬನಿ ಮತ್ತು ಒಳಹಸಿಯ ಮೇಲೆ ಬೆಳೆದು ನಿಲ್ಲುತ್ತವೆ. ಮಸಾರಿಗೆ ಆ ತಾಳ್ಮೆಯಿಲ್ಲ. ಮುಂಗಾರಿ ಮಳೆ ಬಿದ್ದಾಗ ಬಿತ್ತಬೇಕು, ಮತ್ತೆ ಮತ್ತೆ ಮಳೆ ಬರಬೇಕು. ಮರಡಿಯಲ್ಲಿ ಬಿತ್ತುವವನು ಸಾಲ ತೀರಿಸಲಾರ. ಅದು ಕುರಿಗೆ, ಹುಲ್ಲಿಗೆ ಬಿಟ್ಟ ಜಾಗ. ಹೊಲ ನೋಡಿ ಹೆಣ್ಣು ಕೊಡುವಾಗಲೂ, ಲಾವಣಿ ಮಾಡುವಾಗಲೂ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೂ ಈ ವಿಂಗಡಣೆಯೇ ಆಧಾರ.

ಗ್ರಾಮೀಣ ಭೂದೃಶ್ಯದ ಮೌಲ್ಯಮಾಪನ ಮತ್ತು ನಿರ್ವಹಣೆ ಎಂಬುದು ಈಗ ಜಗತ್ತಿನಾದ್ಯಂತ ಒಂದು ಶಾಸ್ತ್ರ. 2017ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸೇರಿದ ಇಕೋಮಾಸ್ ಎಂಬ ಅಂತರರಾಷ್ಟ್ರೀಯ ಪರಂಪರೆ ಸಂಸ್ಥೆಯ ಮಹಾಸಭೆ, ಹಳ್ಳಿಗಾಡಿನ ಭೂದೃಶ್ಯವೂ ಪರಂಪರೆಯೇ ಎಂದು ತತ್ವಗಳನ್ನು ಒಪ್ಪಿಕೊಂಡಿತು. ಹೊಲ, ಕೆರೆ, ಹುಲ್ಲುಗಾವಲು, ಕಾಡು, ಊರು, ಅವುಗಳ ನಡುವಿನ ದಾರಿ, ಅಲ್ಲಿ ದುಡಿಯುವವರ ತಿಳಿವಳಿಕೆ ಎಲ್ಲವನ್ನೂ ಒಟ್ಟಿಗೆ ಅರಿತು, ಒಟ್ಟಿಗೆ ಕಾಪಾಡಿ, ಒಟ್ಟಿಗೆ ನಿರ್ವಹಿಸಬೇಕು ಎಂಬುದು ಅದರ ಸಾರ. ಆ ‘ಒಟ್ಟಿಗೆ’ ಎಂಬುದು ನಮ್ಮ ಗದಗ ಸೀಮೆಯಲ್ಲಿ ಎಷ್ಟರ ಮಟ್ಟಿಗೆ ನಡೆದಿದೆ, ನೆಲವನ್ನು ಯಾರು ಯಾರು ಅಳೆದಿದ್ದಾರೆ, ಅಳೆದ ಮೇಲೆ ಏನಾಯಿತು? ಇದನ್ನು ನೋಡಿಕೊಂಡು ಬರೋಣವೆಂದು ಮಣ್ಣು ಸಮೀಕ್ಷೆಯಲ್ಲಿ ಕೆಲಸ ಮಾಡಿದ್ದ ಗೆಳೆಯನೊಬ್ಬನನ್ನು ಕರೆದುಕೊಂಡು ಹೊರಟಿದ್ದೆ.

ಮೊದಲು ಇಳಿದದ್ದು ಮಾಗಡಿಯಲ್ಲಿ. ಗದಗದಿಂದ 26 ಕಿಲೋಮೀಟರ್, ಶಿರಹಟ್ಟಿ ತಾಲ್ಲೂಕು. ಇಲ್ಲಿಯ ಕೆರೆ ಸುಮಾರು 50 ಹೆಕ್ಟೇರಿನದು. ಹೊಲಕ್ಕೆ ನೀರುಣಿಸಲೆಂದು ಮಳೆನೀರು ನಿಲ್ಲಿಸಿ ಕಟ್ಟಿದ ಕೆರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ಇದೂ ಜೌಗುಭೂಮಿಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿ ಸೇರಿತು. ಅದಕ್ಕೆ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಮಾಗಡಿಗೆ ಈ ಮಾನ ತಂದುಕೊಟ್ಟವು ಪಟ್ಟೆತಲೆ ಹೆಬ್ಬಾತುಗಳು. ಮಧ್ಯ ಏಷ್ಯಾದ ಎತ್ತರದ ನಾಡುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಸುಮಾರು 8,000 ಹೆಬ್ಬಾತುಗಳು ಇಲ್ಲಿ ಚಳಿಗಾಲ ಕಳೆಯುತ್ತವೆ ಎನ್ನುತ್ತದೆ ರಾಮ್ಸಾರ್ ದಾಖಲೆ. ಕೆರೆಯಲ್ಲಿ ಗುರುತಿಸಿದ 166 ಜಾತಿಯ ಹಕ್ಕಿಗಳಲ್ಲಿ 130 ವಲಸೆ ಬರುವಂಥವು.

ದಂಡೆಯ ಮೇಲೆ ನಿಂತಾಗ ಬಿಸಿಲೇರಿತ್ತು. ನೀರಿನ ನಡುವೆ ಬೂದುಬಣ್ಣದ ದೊಡ್ಡ ಗುಂಪು ಸುಮ್ಮನೆ ತೇಲುತ್ತಿತ್ತು. ದುರ್ಬೀನಿನಲ್ಲಿ ನೋಡಿದರೆ ಬಿಳಿ ತಲೆಯ ಹಿಂದೆ ಎರಡು ಕರಿಪಟ್ಟೆ ಸ್ಪಷ್ಟ. ಹಗಲೆಲ್ಲ ಅವು ಹೀಗೆಯೇ ನೀರಿನಲ್ಲಿ ವಿಶ್ರಮಿಸುತ್ತವೆ. ಹೊಟ್ಟೆ ತುಂಬಿಸಿಕೊಳ್ಳುವುದು ಕೆರೆಯಲ್ಲಲ್ಲ, ಸುತ್ತಿನ ಹೊಲಗಳಲ್ಲಿ. ಇವು ಸಸ್ಯಾಹಾರಿ ಹಕ್ಕಿಗಳು. ಕತ್ತಲು ಕವಿದ ಮೇಲೆ, ಬೆಳಗಿನ ಜಾವ ಗುಂಪುಗುಂಪಾಗಿ ಹಾರಿ ಹೋಗಿ ಕಡಲೆ ಕುಡಿ, ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಳು, ಎಳೆ ಹುಲ್ಲು ಮೇಯುತ್ತವೆ. ಎತ್ತಿಗೆ ನೀರು ಕುಡಿಸಲು ಬಂದಿದ್ದ ಹಿರಿಯರೊಬ್ಬರನ್ನು “ಹಕ್ಕಿಯಿಂದ ಬೆಳಿ ಹಾಳಾಗೂದಿಲ್ಲೇನ್ರಿ ಕಾಕಾ?” ಎಂದು ಕೇಳಿದೆ. “ಆಗತೈತ್ರಿ, ಯಾಕ ಆಗಂಗಿಲ್ಲ? ಕಡ್ಲಿ ಎಳೀದಿದ್ದಾಗ ಒಂದ ರಾತ್ರಿಗೆ ಬೋಳಿಸಿ ಹೋಗ್ತಾವ. ಹೊಡಿಯಾಕ ಮನಸು ಬರಂಗಿಲ್ಲ. ಅಷ್ಟ ದೂರದಿಂದ ಬಂದಾವ, ಹಿಕ್ಕಿ ಹಾಕಿ ಗೊಬ್ಬರನೂ ಕೊಡ್ತಾವ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೋರ್ಡಿನ ಮ್ಯಾಲ ಕೆರಿ ಹೆಸರೈತಿ, ನಮ್ಮ ಹೊಲದ ಹೆಸರಿಲ್ಲ” ಎಂದು ಎತ್ತಿನ ಹಗ್ಗ ಎಳೆದರು.

ಆ ಮಾತಿನಲ್ಲಿ ಒಂದು ಸಂಪೂರ್ಣ ನಿರ್ವಹಣಾ ಯೋಜನೆಯ ಟೀಕೆ ಇದೆ. ಕಾಯ್ದಿಟ್ಟಿರುವುದು ನೀರು ನಿಲ್ಲುವ 50 ಹೆಕ್ಟೇರನ್ನು. ಹಕ್ಕಿಯ ಅನ್ನ ಇರುವುದು ಅದರ ಹೊರಗಿನ ನೂರಾರು ಸರ್ವೆ ನಂಬರುಗಳಲ್ಲಿ. ಆ ಹೊಲಗಳಲ್ಲಿ ಕಡಲೆ, ಶೇಂಗಾ ಹೋಗಿ ಬೇರೆ ಬೆಳೆ ಬಂದರೆ, ಬೀಜಕ್ಕೆ ಹಚ್ಚುವ ವಿಷ ಹೆಚ್ಚಾದರೆ, ಮೇಲಿನ ಜಲಾನಯನದಿಂದ ಮಣ್ಣು ಹರಿದುಬಂದು ಕೆರೆ ಹೂಳಿಗೆ ಬಿದ್ದರೆ, ದಂಡೆಯ ಮೇಲೆ ಎಷ್ಟು ಕಾವಲುಗಾರರನ್ನು ನಿಲ್ಲಿಸಿದರೂ ಹೆಬ್ಬಾತು ಉಳಿಯುವುದಿಲ್ಲ. 1971ರ ರಾಮ್ಸಾರ್ ಒಡಂಬಡಿಕೆಯ ಮೂಲಮಂತ್ರವೇ ವಿವೇಕದ ಬಳಕೆ. ಬೇಲಿ ಹಾಕಿ ಜನರನ್ನು ಹೊರಗಿಡಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಮಾಗಡಿಯಲ್ಲಿ ಆ ವಿವೇಕ ಇಷ್ಟು ದಿನ ರೈತನ ಸೈರಣೆಯ ರೂಪದಲ್ಲಿ ಪುಕ್ಕಟೆಯಾಗಿ ದೊರೆತಿದೆ. ಅದಕ್ಕೊಂದು ಲೆಕ್ಕ ಇಟ್ಟು, ನಷ್ಟವಾದವನಿಗೆ ಪರಿಹಾರ ಕೊಡುವುದು ನಿರ್ವಹಣೆಯ ಮೊದಲ ಪಾಠವಾಗಬೇಕು.

ಲಕ್ಷ್ಮೇಶ್ವರ ಅಲ್ಲಿಂದ 11 ಕಿಲೋಮೀಟರ್. ಹಳೆಗನ್ನಡ ಓದಿದವರಿಗೆ ಇದು ಪುಲಿಗೆರೆ. ತಿರುಳ್ಗನ್ನಡದ ಸೀಮೆಯ ಒಂದು ಮೂಲೆಯೆಂದು ‘ಕವಿರಾಜಮಾರ್ಗ’ ಹೆಸರಿಸುವ ಊರು, ಪುಲಿಗೆರೆ-300ರ ರಾಜಧಾನಿ. ಸೋಮೇಶ್ವರ ದೇವಾಲಯದ ಆವರಣದಲ್ಲಿ ಅಡ್ಡಾಡುವಾಗ ಶಾಸನಗಳ ಕಲ್ಲಿನ ಮುಂದೆ ಗೆಳೆಯ ಬಹಳ ಹೊತ್ತು ನಿಂತ. ಅವನಿಗೆ ಲಿಪಿ ಓದಲು ಬರುವುದಿಲ್ಲ, ಆದರೆ ಈ ಕಲ್ಲುಗಳಲ್ಲಿ ಏನಿರುತ್ತದೆಂದು ಗೊತ್ತು. ಇಷ್ಟು ಮತ್ತರು ಭೂಮಿ, ಇಂಥ ಕೋಲಿನಿಂದ ಅಳೆದದ್ದು, ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಮರ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಹಳ್ಳ. ದತ್ತಿ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಶಾಸನ ಬರೆಸಿದವರು ಕೆರೆ, ಹಳ್ಳ, ಮರಗಳನ್ನು ಹೆಸರಿಸಲೇಬೇಕಾಗಿತ್ತು. ಸಾವಿರ ವರ್ಷದ ಹಿಂದಿನ ಅಳತೆಯಲ್ಲಿ ಹೊಲ ಒಂದೇ ನಿಂತಿರುತ್ತಿರಲಿಲ್ಲ, ನೆರೆಹೊರೆ ಸಮೇತ ನಿಂತಿರುತ್ತಿತ್ತು.

ಎರಡನೆಯ ದೊಡ್ಡ ಅಳತೆ ಬ್ರಿಟಿಷರದು. 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಧಾರವಾಡ ಸೀಮೆಯ ಹೊಲಗಳು ಸರಪಳಿಗೆ ಸಿಕ್ಕವು. 1847ರಲ್ಲಿ ಅವನೂ ಜೊತೆಗಾರರೂ ಸೇರಿ ಬರೆದ ಜಂಟಿ ವರದಿ ಮುಂಬಯಿ ಪ್ರಾಂತದ ಕಂದಾಯ ಮೋಜಣಿಗೆಲ್ಲ ಬುನಾದಿಯಾಯಿತು. ಆ ಮೋಜಣಿಯ ಕ್ರಮ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹೊಲದಲ್ಲಿ ಅಲ್ಲಲ್ಲಿ ಅಗೆದು ಮಣ್ಣಿನ ಬಣ್ಣ, ನಯ ಮತ್ತು ಆಳ ನೋಡುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ನಯವಾದ ಕಪ್ಪು ಮಣ್ಣು 16 ಆಣೆಯ ನೆಲ. ಆಳ ಇಳಿದಂತೆ 14, 12, 10, 8 ಹೀಗೆ ದರ್ಜೆಯೂ ಇಳಿಯುತ್ತ ಒಂಬತ್ತನೆಯದು 2 ಆಣೆಗೆ ನಿಲ್ಲುತ್ತಿತ್ತು. ಸುಣ್ಣದ ಹರಳು, ಮರಳು, ಇಳಿಜಾರು, ನೀರು ಕೊಚ್ಚಿಕೊಂಡು ಹೋಗುವ ಭಯ ಇಂಥ ದೋಷವೊಂದಿದ್ದರೆ ದರ್ಜೆ ಇನ್ನೂ ಒಂದು ಮೆಟ್ಟಿಲು ಕೆಳಗೆ. ಉದ್ದೇಶವೆಲ್ಲ ಕಂದಾಯದ್ದು, ನೆಲದ ಆರೋಗ್ಯದ್ದಲ್ಲ. ಹೊಲ ಕೊಚ್ಚಿಹೋಗುತ್ತದೆಂದು ಬರೆದುಕೊಂಡರು, ತೆರಿಗೆ ಕಡಿಮೆ ಮಾಡಿದರು; ಕೊಚ್ಚಿಹೋಗದಂತೆ ಒಡ್ಡು ಹಾಕುವ ಯೋಚನೆಗೆ ಒಂದು ಕಾನೂನಿನ ರೂಪ ಬರಲು 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯ್ದೆಯವರೆಗೆ ಕಾಯಬೇಕಾಯಿತು.

ಆ ಅಳತೆಯೂ ಎಲ್ಲ ಕಡೆ ಒಬ್ಬನದೇ ಆಗಿರಲಿಲ್ಲ. ಆಗ ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಒಂದೇ ಗುಡ್ಡದ ಸುತ್ತ ಮೂರು ಸರಕಾರ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ಕೂಡಿದವು, 1956ರಲ್ಲಿ ಏಕೀಕರಣವಾಯಿತು, 1997ರಲ್ಲಿ ಗದಗ ಜಿಲ್ಲೆಯಾಯಿತು. ಈಗ ಒಂದೇ ಜಿಲ್ಲೆ. ಆದರೂ ಗುಡ್ಡ ಅರಣ್ಯ ಇಲಾಖೆಯದು, ಹೊಲ ಕೃಷಿ ಇಲಾಖೆಯದು, ಊರ ದನ ಮೇಯುವ ಗಾಯರಾಣ ಕಂದಾಯ ಇಲಾಖೆಯದು, ನದಿ ನೀರಾವರಿ ನಿಗಮದ್ದು. ಸಂಸ್ಥಾನಗಳು ಹೋದವು, ಇಲಾಖೆಗಳು ಬಂದವು.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠಕ್ಕೆ ಕೈಮುಗಿದು ಊರ ಹೊರಗಿನ ಹೊಲವೊಂದಕ್ಕೆ ಹೋದೆವು. ಗೆಳೆಯನ ಪರಿಚಯದ ಮನೆತನ. ಅಂದು ಎಳ್ಳಮಾಸಿ, ಅವರೆಲ್ಲ ಚಕ್ಕಡಿ ಕಟ್ಟಿಕೊಂಡು ಚರಗ ಚೆಲ್ಲಲು ಬಂದಿದ್ದರು. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಲೆ, ಎಳ್ಳು ಹೋಳಿಗೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಒಬ್ಬ ಎಡೆಯ ಬುಟ್ಟಿ ಹೊತ್ತು ಮುಂದೆ, ಇನ್ನೊಬ್ಬ ನೀರು ಚಿಮುಕಿಸುತ್ತ ಹಿಂದೆ, ಕೂಗು ಹಾಕುತ್ತ ಹೊಲದ ನಾಲ್ಕೂ ಬದುವಿನ ಮೇಲೆ ನಡೆದರು. ನಾವೂ ಬೆನ್ನು ಹತ್ತಿದೆವು. ಮೂಡಲ ಬದುವಿನ ಮೂಲೆಗೆ ಬಂದಾಗ ಹಿರಿಯ ಮಗ ನಿಂತುಬಿಟ್ಟ. ಹಿಂದಿನ ಮಳೆಗಾಲದಲ್ಲಿ ಬದು ಒಡೆದು ಎರಡು ಮಾರು ಅಗಲದ ಕೊರಕಲು ಬಿದ್ದಿತ್ತು. ಅಲ್ಲಿಯ ಜೋಳ ಉಳಿದ ಹೊಲಕ್ಕಿಂತ ಗೇಣು ಗಿಡ್ಡ, ಎಲೆ ಹಳದಿ. “ಯುಗಾದಿಗೆ ಮೊದಲ ಇದನ್ನ ಕಟ್ಟಬೇಕು, ಕಲ್ಲು ಹೇರಸಬೇಕು” ಎಂದು ತಮ್ಮನಿಗೆ ಹೇಳಿ, ಆ ಗಿಡ್ಡ ಜೋಳದ ಮೇಲೂ ಒಂದು ಹಿಡಿ ಚರಗ ಚೆಲ್ಲಿ ಮುಂದೆ ನಡೆದ. ವರ್ಷಕ್ಕೊಮ್ಮೆ ಇಡೀ ಮನೆತನ ಎಲ್ಲೆಯುದ್ದಕ್ಕೂ ನಡೆದು ನೋಡುವ ಇಂಥ ತಪಾಸಣೆ ಯಾವ ಕೈಪಿಡಿಯಲ್ಲಿಯೂ ಇಲ್ಲ.

ಊಟದ ನಂತರ ಗೆಳೆಯ ಆ ಕೊರಕಲಿಗೆ ಇಳಿದ. ಮಣ್ಣು ಓದುವವರಿಗೆ ಗುಂಡಿ ತೋಡುವ ಶ್ರಮ ಉಳಿಸುವ ಜಾಗ ಅದು. ಚಾಕುವಿನಿಂದ ಗೋಡೆ ಕೆರೆದು ಹೊಸ ಮಣ್ಣು ತೆಗೆದ. ಮೇಲೆ ಒಂದು ಗೇಣು ಕಂದು ಮಣ್ಣು, ಕೆಳಗೆ ಗರಸು ಬೆರೆತ ಕೆಂಪು, ಅದರ ಕೆಳಗೆ ಶಿಥಿಲವಾದ ಕಲ್ಲು. ಚಿಟಿಕೆ ಮಣ್ಣಿಗೆ ನೀರು ಹಾಕಿ ಬೆರಳ ನಡುವೆ ಪಟ್ಟಿಯಂತೆ ಹೊಸೆದು, ಅದು ಎಷ್ಟುದ್ದಕ್ಕೆ ತುಂಡಾಗುತ್ತದೆಂದು ನೋಡಿದ. ಹೆಚ್ಚು ಉದ್ದ ಬಂದಷ್ಟೂ ಅಂಟು ಹೆಚ್ಚು. ಆಮೇಲೆ ಸಣ್ಣ ಬಾಟಲಿಯಿಂದ ತೆಳು ಆಮ್ಲದ ಹನಿ ಬಿಟ್ಟ. ಮೇಲೆ ಏನೂ ಆಗಲಿಲ್ಲ. ಆದರೆ ಅದೇ ಹೊಲದ ತಗ್ಗಿನ ತುದಿಯ ಎರಿ ಮಣ್ಣಿಗೆ ಬಿಟ್ಟಾಗ ಬುರುಬುರು ನೊರೆ ಬಂತು. ಸುಣ್ಣದ ಅಂಶ ಇರುವುದರ ಗುರುತು. ಮನೆಯ ಯಜಮಾನರು ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. “ನಮ್ಮಪ್ಪ ಇದನ್ನ ಹೇಳ್ತಿದ್ದ ಬಿಡ್ರಿ. ಈ ಕಡೆ ಗೇಣು, ಆ ಕಡೆ ಎರಡ ಮೊಳ. ಈ ಕಡೆ ಶೇಂಗಾ, ಆ ಕಡೆ ಕಡ್ಲಿ.”

ಮೂರನೆಯ ದೊಡ್ಡ ಅಳತೆಯ ಮಾತು ಬಂದದ್ದು ಆಗಲೇ. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ಗದಗವೂ ಒಂದು. 2013ರ ಸುಮಾರಿಗೆ ಸುರುವಾಗಿ 2019ರವರೆಗೆ ನಡೆದ ಈ ಕೆಲಸದ ಜೀವಾಳ ಭೂಸಂಪನ್ಮೂಲ ಸಮೀಕ್ಷೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಬೆಂಗಳೂರಿನ ಹೆಬ್ಬಾಳ ಶಾಖೆ, ಕೃಷಿ ವಿಶ್ವವಿದ್ಯಾಲಯಗಳು, ಜಲಾನಯನ ಅಭಿವೃದ್ಧಿ ಇಲಾಖೆ ಕೂಡಿ ಮಾಡಿದವು. ಸುಮಾರು 500 ಹೆಕ್ಟೇರಿನ ಒಂದೊಂದು ಕಿರು ಜಲಾನಯನವನ್ನು ಒಂದು ಘಟಕವಾಗಿ ಹಿಡಿದು, ಸರ್ವೆ ನಂಬರು ಸಹಿತದ ಊರ ನಕಾಶೆಯ ಮೇಲೆ ಮಣ್ಣಿನ ಆಳ, ಇಳಿಜಾರು, ಗರಸು, ಸವಕಳಿ, ಪೋಷಕಾಂಶ ಎಲ್ಲ ಗುರುತಿಸಿದರು. ಯಾವ ಹೊಲಕ್ಕೆ ಯಾವ ಬೆಳೆ ಎಷ್ಟು ಒಗ್ಗುತ್ತದೆ, ಎಲ್ಲಿ ಬದು, ಎಲ್ಲಿ ಕೃಷಿಹೊಂಡ, ಎಲ್ಲಿ ತಡೆ ಅಣೆ ಎಂದು ನಕಾಶೆ ಬರೆದು ರೈತರ ಕೈಗೆ ಕಾರ್ಡು ಕೊಟ್ಟರು. ನಕಾಶೆಯ ಅಳತೆ 1:7,920, ಅಂದರೆ ಎಂಟು ಇಂಚಿಗೆ ಒಂದು ಮೈಲು. ಬ್ರಿಟಿಷರ ಕಾಲದ ಊರ ನಕಾಶೆಯ ಅಳತೆಯೂ ಇದೇ. ಅದರ ಮೇಲೆ ಉಪಗ್ರಹ ಚಿತ್ರ ಬಂದು ಕೂತಿದೆ, ಅಷ್ಟೇ.

“ನಿಮಗೂ ಕಾರ್ಡು ಬಂದಿರಬೇಕಲ್ರಿ?” ಎಂದು ಗೆಳೆಯ ಕೇಳಿದ. “ಬಂದಿತ್ರಿ. ಟ್ರಂಕಿನಾಗ ಉತಾರದ ಜೋಡಿ ಇಟ್ಟೀನಿ. ಕೊಟ್ಟು ಹೋದ್ರು, ಓದಿ ಹೇಳಾವ್ರು ಬರಲಿಲ್ಲ” ಎಂದರು ಯಜಮಾನರು. ಗೆಳೆಯ ಸುಮ್ಮನಾದ. ಅಳೆಯುವ ಕೆಲಸದಲ್ಲಿ ಅವನು ವರ್ಷಗಟ್ಟಲೆ ಬಿಸಿಲಿಗೆ ಬೆಂದಿದ್ದಾನೆ. ಕಾರ್ಡು ಸರಿಯಾಗಿಯೇ ಇದೆ, ಯಜಮಾನರ ತಿಳಿವಳಿಕೆಯೂ ಸರಿಯಾಗಿಯೇ ಇದೆ, ಎರಡೂ ಒಂದೇ ಮಾತು ಹೇಳುತ್ತವೆ. ಆದರೆ ಪಕ್ಕದ ಹೊಲದವನು ಮೇಲಿನ ನೀರನ್ನು ಹಾಗೆಯೇ ಬಿಟ್ಟರೆ ಇವರ ಬದು ಮತ್ತೆ ಒಡೆಯುತ್ತದೆ. ಕಾರ್ಡು ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡಬಹುದು; ನೀರು ಹಾಗೆ ಹಂಚಿಕೊಂಡು ಹರಿಯುವುದಿಲ್ಲ.

ನೀರು ಹರಿದುಬರುವ ಕಡೆಗೇ ಮರುದಿನ ಹೊರಟೆವು. ಗದಗದ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 65 ಕಿಲೋಮೀಟರ್ ಹಬ್ಬಿದ ಸಾಲು ಕಪ್ಪತಗುಡ್ಡ. ಧಾರವಾಡ ಶಿಲಾಸಮೂಹದ ಬಹು ಪುರಾತನ ಕಲ್ಲು. ಕಬ್ಬಿಣ, ತಾಮ್ರ, ಚಿನ್ನದ ಎಳೆ ಒಳಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿ, ಅತ್ತಿಕಟ್ಟಿ ಸುತ್ತ ಚಿನ್ನಕ್ಕಾಗಿ ಗಣಿ ತೋಡಿ, ಲಾಭ ಕಾಣದೆ ಬಿಟ್ಟುಹೋದವು. ಗುಡ್ಡದ ಮೇಲೆ ಕಪ್ಪತಮಲ್ಲೇಶ್ವರ, ಗಾಳಿಗುಂಡಿ ಬಸವಣ್ಣ. ಬುಡದಲ್ಲಿ ಡೋಣಿ, ಲಂಬಾಣಿ ತಾಂಡಾಗಳು. ದಟ್ಟ ಕಾಡನ್ನು ನೆನೆದು ಬಂದವರಿಗೆ ಇಲ್ಲಿ ನಿರಾಸೆಯಾದೀತು. ಇದು ಕುರುಚಲು ಗಿಡ ಮತ್ತು ಹುಲ್ಲಿನ ಗುಡ್ಡ. ಔಷಧಿ ಸಸ್ಯಗಳಿಗೆ ಹೆಸರಾದದ್ದು. ಕತ್ತೆಕಿರುಬ, ತೋಳ, ನರಿ, ಕೊಂಡುಕುರಿ, ನವಿಲುಗಳಿಗೆ ಇಂಥದೇ ನೆಲ ಬೇಕು.

ಮೌಲ್ಯಮಾಪನದಲ್ಲಿ ಎಡವಟ್ಟಾಗುವುದು ಇಂಥ ಕಡೆಯೇ. ಮರ ಕಾಣದಿದ್ದರೆ ಪಾಳು ಎಂದು ಬರೆಯುವ ಅಭ್ಯಾಸ ನಮ್ಮ ಕಾಗದಪತ್ರಗಳಿಗೆ ಹಿಂದಿನಿಂದಲೂ ಇದೆ. ಪಾಳು ಎಂದು ಬರೆದ ಮೇಲೆ ಅಲ್ಲಿ ಗಣಿ ಬರಬಹುದು, ಗಾಳಿಯಂತ್ರ ಬರಬಹುದು, ಯಾವುದೋ ಊರಿನ ಸಸಿ ತಂದು ಗುಂಡಿ ತೋಡಿ ನೆಡಬಹುದು. ಹುಲ್ಲು ಒಂದು ಬೆಳೆ, ಅದು ಮಳೆಯನ್ನು ತಡೆದು ನೆಲಕ್ಕೆ ಇಳಿಸುವ ಹೊದಿಕೆ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಗಾಳಿಯಂತ್ರಕ್ಕೆಂದು ಗುಡ್ಡದ ಓರೆಯನ್ನು ಕಡಿದು ಮಾಡಿದ ರಸ್ತೆಯೊಂದರ ಮೇಲೆ ನಡೆದೆವು. ರಸ್ತೆಯ ಕೆಳಗಿನ ಅಂಚಿನಲ್ಲಿ ಮಳೆನೀರು ಒಂದೇ ಕಡೆ ಕೂಡಿ ಧುಮುಕಿದ ಜಾಗ ಹೊಸ ಹಳ್ಳವಾಗಿತ್ತು. ಕೆಂಪು ಗರಸು ಕೆಳಗಿನ ಹೊಲದವರೆಗೆ ಬೀಸಣಿಗೆಯಾಗಿ ಹರಡಿತ್ತು. ಗಾಳಿಯಿಂದ ವಿದ್ಯುತ್ತು ಬರಲಿ, ಬೇಡವೆನ್ನುವವರಿಲ್ಲ. ರಸ್ತೆಯ ನೀರನ್ನು ಎಲ್ಲಿ ಬಿಡಬೇಕೆಂದು ಕೆಳಗಿನ ಹೊಲದವನನ್ನು ಒಮ್ಮೆ ಕೇಳಿದ್ದರೆ ಸಾಕಾಗಿತ್ತು.

ಈ ಗುಡ್ಡ ಉಳಿದದ್ದು ಜನರಿಂದ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಿನ ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೊಲವನ್ನು ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಕೊಡಲು ಸರಕಾರ ಹೊರಟಾಗ ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದರು, ರೈತರು ಬೆನ್ನಿಗೆ ನಿಂತರು. ಆ ವರ್ಷವೇ ಸರಕಾರ ಹಿಂದೆ ಸರಿಯಿತು. 2015ರಲ್ಲಿ ಕಪ್ಪತಗುಡ್ಡಕ್ಕೆ ಸಂರಕ್ಷಣಾ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು, 2016ರಲ್ಲಿ ಅದನ್ನು ಹಿಂದಕ್ಕೆ ಪಡೆದರು, ಮತ್ತೆ ಹೋರಾಟ ನಡೆದು 2017ರಲ್ಲಿ ಮರಳಿ ಕೊಟ್ಟರು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಡೋಣಿಯ ಹತ್ತಿರ ಸಿಕ್ಕ ಕುರಿಗಾಹಿಯೊಬ್ಬ ಕಂಬಳಿ ಹಾಸಿ ನಮ್ಮನ್ನು ಕೂರಿಸಿಕೊಂಡ. “ಗುಡ್ಡ ಉಳೀಬೇಕಂತ ನಾವೂ ಗದಗಿಗೆ ಹೋಗಿ ಕೂತವ್ರ ಅಣ್ಣಾರ. ಈಗ ಉಳದೈತಿ, ಆದ್ರ ಕುರಿ ಒಳಗ ಹೊಡದ್ರ ಬೈತಾರ.” ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುವುದರ ಬಗ್ಗೆ ಕೇಳಿದೆ. “ಮೇಯೂದ ನಿಂತ ಕಡೆ ಹುಲ್ಲು ಎದಿಮಟ ಬೆಳೀತೈತಿ, ಒಣಗತೈತಿ. ಒಂದ ಬೀಡಿ ಸಾಕು.” ಮೇಯಿಸಿದರೆ ಗುಡ್ಡ ಬೋಳಾಗುತ್ತದೆ ಎಂಬ ಅರಣ್ಯದವರ ಭಯವೂ ಸುಳ್ಳಲ್ಲ. ಎಷ್ಟು ಕುರಿ, ಯಾವ ತಿಂಗಳು, ಯಾವ ಓಣಿ ಎಂಬ ಲೆಕ್ಕವನ್ನು ಇಬ್ಬರೂ ಕೂತು ಮಾಡಬೇಕು. ಏಕೆಂದರೆ ಈ ಕುರಿಗಳ ಕೆಲಸ ಗುಡ್ಡದಲ್ಲಿಯೇ ಮುಗಿಯುವುದಿಲ್ಲ. ಸುಗ್ಗಿಯ ನಂತರ ಅವು ಕೆಳಗಿಳಿಯುತ್ತವೆ, ರೈತರು ಕಾಳು, ರೊಕ್ಕ ಕೊಟ್ಟು ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಗುಡ್ಡದ ಹುಲ್ಲು ಹಿಕ್ಕೆಯಾಗಿ ಎರಿ ಹೊಲಕ್ಕೆ ಬರುತ್ತದೆ. ವನ್ಯಜೀವಿ ಧಾಮದ ನಿರ್ವಹಣೆ ಕೆಳಗಿನ ಜೋಳದ ಇಳುವರಿಗೂ ಸಂಬಂಧಿಸಿದ್ದು ಎಂಬುದು ಕುರಿಗಾಹಿಗೆ ಗೊತ್ತು.

ಡಂಬಳದಲ್ಲಿ ನಕ್ಷತ್ರದ ತಳವಿನ್ಯಾಸದ ದೊಡ್ಡಬಸಪ್ಪನ ಗುಡಿ ನೋಡಿ, ದೊಡ್ಡ ಕೆರೆಯ ಏರಿಯ ಮೇಲೆ ಹಾದು ಮುಂಡರಗಿ ಸೇರಿದೆವು. ಬ್ರಿಟಿಷರ ವಿರುದ್ಧ 1858ರಲ್ಲಿ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ಅಲ್ಲಿಂದ ಹಮ್ಮಿಗಿಗೆ ಹೋದರೆ ತುಂಗಭದ್ರೆ, ಅದಕ್ಕೆ ಅಡ್ಡಲಾಗಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು. ಈ ನದಿಯ ನೀರನ್ನೇ ಕೊಳವೆಯಲ್ಲಿ ಎತ್ತಿ ಗದಗ-ಬೆಟಗೇರಿಗೆ ಕುಡಿಯಲು ಒಯ್ಯುತ್ತಾರೆ. ಹಿನ್ನೀರಿಗೆ ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಮನೆ-ಹೊಲ ಬಿಟ್ಟರು. ಅವಳಿ ನಗರದ ನಲ್ಲಿಯಲ್ಲಿ ನೀರು ಬಂದಾಗ ಅದರ ಹಿಂದೆ ನದಿ ಇದೆಯೆಂದು ಎಲ್ಲರಿಗೂ ಗೊತ್ತು. ಆ ಊರುಗಳೂ ಇವೆ ಎಂಬುದು ನೆನಪಾಗುವುದಿಲ್ಲ. ಗುಡ್ಡದ ಓರೆಯಿಂದ, ಒಡೆದ ಬದುಗಳಿಂದ ಕೊಚ್ಚಿಬಂದ ಮಣ್ಣಿನಲ್ಲಿ ಒಂದು ಪಾಲು ಹಳ್ಳಗಳ ಮೂಲಕ ಕೊನೆಗೆ ಈ ನದಿಗೇ ಬರುತ್ತದೆ.

ಮೂರು ಸಲ ಅಳೆದಾಗಿದೆ. ಶಾಸನದವರು ನೆರೆಹೊರೆ ಸಮೇತ ಅಳೆದರು, ಬ್ರಿಟಿಷರು ಕಂದಾಯಕ್ಕಾಗಿ ಅಳೆದರು, ನಮ್ಮ ಕಾಲದ ವಿಜ್ಞಾನಿಗಳು ಬೆಳೆಗೂ ನೀರಿಗೂ ಅಳೆದರು. 2022ರಲ್ಲಿ ಒಪ್ಪಿಗೆ ಪಡೆದ ರಿವಾರ್ಡ್ ಯೋಜನೆ ಇದೇ ಕ್ರಮವನ್ನು ಇನ್ನಷ್ಟು ಕಡೆ ವಿಸ್ತರಿಸುತ್ತಿದೆ. ಆದ್ದರಿಂದ ಮಾಹಿತಿಯ ಬರ ಇಲ್ಲಿಲ್ಲ. ಇಲ್ಲದಿರುವುದು ಹೆಬ್ಬಾತು, ಕುರಿ, ನೀರು ಈ ಮೂರೂ ದಾಟುವ ಎಲ್ಲೆಗಳನ್ನು ತಾನೂ ದಾಟಿ ಯೋಚಿಸುವ ಒಂದು ಜಾಗ. ಆ ಜಾಗ ಬೆಂಗಳೂರಿನಲ್ಲಿ ಸಿಗಲಾರದು, ಜಿಲ್ಲಾ ಕಚೇರಿಯಲ್ಲಿ ಸಿಕ್ಕರೂ ಅಲ್ಲಿಯ ಇಲಾಖೆಗಳ ಗೋಡೆಗಳ ನಡುವೆ ಸಿಕ್ಕಿಬೀಳುತ್ತದೆ. ಸಿಗುವ ಸಾಧ್ಯತೆ ಇರುವುದು ಗ್ರಾಮಸಭೆಯಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ-ಪ್ರಾಣಿ-ತಿಳಿವಳಿಕೆಯ ದಾಖಲಾತಿ ಮಾಡಬೇಕು. ಮಣ್ಣಿನ ನಕಾಶೆಯನ್ನು ಆ ದಾಖಲಾತಿಯ ಪಕ್ಕದಲ್ಲಿಟ್ಟು ಓದಿದರೆ ಅರ್ಧ ಯೋಜನೆ ಸಿದ್ಧವಾದಂತೆ.

ಇದು ಆಗದ ಮಾತು ಎನ್ನುವವರು ಗದಗ ತಾಲ್ಲೂಕಿನ ಕಣಗಿನಹಾಳವನ್ನು ನೆನೆಯಬೇಕು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಅಲ್ಲಿ. ಸಾಲವನ್ನು ಒಬ್ಬೊಬ್ಬರೇ ಹೊತ್ತರೆ ಮುಳುಗುತ್ತೇವೆ, ಕೂಡಿ ಹೊತ್ತರೆ ದಾಟುತ್ತೇವೆ ಎಂದು ಈ ಸೀಮೆಯ ಒಕ್ಕಲಿಗರು ನೂರಿಪ್ಪತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ. ರೊಕ್ಕಕ್ಕೆ ಆದದ್ದು ನೀರಿಗೂ ಹುಲ್ಲಿಗೂ ಆಗಬಹುದು.

ಆದ್ದರಿಂದ ಈ ನಾಲ್ಕು ತಾಲ್ಲೂಕಿನ ಓದುಗರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ನಮ್ಮ ಕಿರು ಜಲಾನಯನದ ಮಣ್ಣಿನ ನಕಾಶೆ ಎಲ್ಲಿದೆ? ನಮ್ಮ ಊರಿನ ಗಾಯರಾಣ ಎಷ್ಟಿತ್ತು, ಈಗ ಎಷ್ಟು ಉಳಿದಿದೆ? ಮೇಲಿನ ಊರಿನ ನೀರು ನಮ್ಮಲ್ಲಿಗೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಉತ್ತರ ಸಿಕ್ಕಮೇಲೆ ಆ ನಕಾಶೆಯನ್ನು ದೊಡ್ಡದಾಗಿ ಮುದ್ರಿಸಿ ಪಂಚಾಯತಿಯ ಗೋಡೆಗೆ ಅಂಟಿಸಲು ಹೇಳಿ, ಓದಲು ಬರುವ ಹುಡುಗ-ಹುಡುಗಿಯರನ್ನು ಅದರ ಮುಂದೆ ನಿಲ್ಲಿಸಿ ಹಿರಿಯರಿಗೆ ಓದಿ ಹೇಳಿಸಿ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.